ಹಾಕಿಕೊಟ್ಟವರು ಯಾರು

ಕುಲಗೋಡ
೪ ನವೆಂಬರ್ ೨೦೨೪, ಸೋಮವಾರ

ಮಗಳೇ ಸುಜಾತಾ,

ಜೈಭೀಮ್. ನಿನ್ನ ಯಲ್ಲಾರಿ ಕಾಕಾ ಬರೆಯುತ್ತಿರುವುದು. ಹುಕ್ಕೇರಿ ಏನು ದೂರ, ಕೈಯಲ್ಲಿ ಫೋನಿದೆ, ಆದರೂ ಈ ಮುದುಕ ಇನ್‌ಲ್ಯಾಂಡ್ ಪತ್ರ ಬರೆದಿದ್ದಾನಲ್ಲ ಎಂದು ನಿನಗೆ ನಗು ಬಂದಿರಬಹುದು. ಮೂವತ್ತೊಂದು ವರ್ಷ ಈ ಸೀಮೆಯಲ್ಲಿ ಟಪಾಲು ಹಂಚಿದವನು ನಾನು. ಅಂಟಿಸಿದ ಕಾಗದವನ್ನು ದಾರಿಯಲ್ಲಿ ಯಾರೂ ಒಡೆಯುವುದಿಲ್ಲ ಎಂಬುದು ನನಗೆ ಗೊತ್ತು. ಫೋನಿನ ಬಗ್ಗೆ ಅಷ್ಟು ಧೈರ್ಯವಿಲ್ಲ. ನೀನೂ ನನಗೆ ಫೋನ್ ಮಾಡಬೇಡ. ಕಾರಣ ಕೇಳಬೇಡ.

ವಿಷಯ ಸಣ್ಣದು. ನಿನ್ನ ತವರುಮನೆ ನಮ್ಮ ಬಾಜೂಕ್ಕೆ ಇದ್ದಾಗ, ನೀನು ಗೋಕಾಕದ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ ವರ್ಷ, ನನಗೊಂದು ಕಂಪ್ಯೂಟರ್ ಕೊಡಿಸಿದೆಯಲ್ಲ, ಅದರ ಮಾತು. ನಿವೃತ್ತಿಯ ಮೇಲೆ ಏಳು ವರ್ಷ ಅದರಲ್ಲೇ ಜನರ ಅರ್ಜಿ ಬರೆದುಕೊಟ್ಟೆ. ವಿಧವಾ ಪಿಂಚಣಿ, ಜಾತಿ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್. ದೀಪಾವಳಿಯ ದಿನ ಅದನ್ನು ಚಾಲೂ ಮಾಡಿದರೆ ಪರದೆ ಕಪ್ಪಾಯಿತು. ಮೇಲೆ ಒಂದು ಹಳದಿ ಪಟ್ಟಿ. ನೀವು ಬಳಸುತ್ತಿರುವ ಸಾಫ್ಟ್‌ವೇರ್ ಅಸಲಿ ಅಲ್ಲ, ಪರವಾನಗಿ ತೋರಿಸಿ, ಎಂಬ ಅರ್ಥದ ಇಂಗ್ಲಿಷು. ಬರೆದದ್ದು ಉಳಿಯುವುದಿಲ್ಲ, ಪ್ರಿಂಟ್ ಬರುವುದಿಲ್ಲ.

ಅಂಗಡಿಯ ಬಿಲ್ಲನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ‘ಅಸಲಿ ಸಾಫ್ಟ್‌ವೇರ್, ಲೈಸೆನ್ಸ್ ಸಹಿತ’ ಎಂದು ನಿನ್ನದೇ ಅಕ್ಷರ. ಆದರೆ ಲೈಸೆನ್ಸಿನ ನಂಬರು ಅದರಲ್ಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ನಂಬರು ನಿನ್ನ ಹತ್ತಿರ ಎಲ್ಲಾದರೂ ಇದ್ದರೆ ಮರುಟಪಾಲಿಗೆ ಕಳಿಸು. ತುರ್ತಾಗಿ ಬೇಕು.

ನಿನ್ನ ಕಾಕು ರಾಯವ್ವ ಆರಾಮ ಇದ್ದಾಳೆ. ಅವಳಿಗೆ ಏನೂ ಹೇಳಿಲ್ಲ.

ನಿನ್ನ ಕಾಕಾ
ಯಲ್ಲಾರಿ

*

ಹುಕ್ಕೇರಿ
೮ ನವೆಂಬರ್ ೨೦೨೪

ಪ್ರೀತಿಯ ಕಾಕಾ,

ಶರಣು. ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಮೊದಲೇ ಕ್ಷಮೆ ಕೇಳುತ್ತೇನೆ, ನೀವು ಬೇಡವೆಂದರೂ ಎರಡು ಸಲ ಫೋನ್ ಮಾಡಿದೆ. ಬಂದ್ ಇತ್ತು.

ಕಾಕಾ, ಗಾಬರಿ ಆಗಬೇಡಿ. ಮಷೀನು ಹಳೆಯದಾದರೆ ಇಂಥ ಪಟ್ಟಿಗಳು ಸುಮ್ಮಸುಮ್ಮನೆ ಬರುತ್ತವೆ. ನೆಟ್ಟಿನ ವಾಯರು ತೆಗೆದು ಒಂದು ವಾರ ಬಿಟ್ಟುಬಿಡಿ. ಲೈಸೆನ್ಸ್ ನಂಬರು ನನ್ನ ಹತ್ತಿರ ಇಲ್ಲ. ಅಂಗಡಿಯವರು ಕೊಟ್ಟ ಸಿ.ಡಿ. ನಾನು ಹಾಕಿದ್ದೆ, ಅಷ್ಟೇ. ಆ ಬಿಲ್ಲನ್ನು ನೀವು ಯಾರಿಗಾದರೂ ತೋರಿಸಿದ್ದೀರಾ? ತೋರಿಸಬೇಡಿ. ಏಳು ವರ್ಷದ ಹಳೆಯ ಕಾಗದ ಇಟ್ಟುಕೊಂಡು ಏನು ಮಾಡುತ್ತೀರಿ, ಹರಿದು ಒಗೆದುಬಿಡಿ.

ನಾನೇ ಬಂದು ನೋಡುತ್ತಿದ್ದೆ. ಆದರೆ ನಮ್ಮ ಕಚೇರಿಯಲ್ಲಿ ಗುತ್ತಿಗೆ ಕೆಲಸದವರ ನವೀಕರಣ ಡಿಸೆಂಬರಿನಲ್ಲಿದೆ. ಈ ಸಲ ಪ್ರತಿಯೊಬ್ಬರ ನಡತೆಯ ಮೇಲೆ ವರದಿ ಬರೆಯುತ್ತಾರಂತೆ. ರಜೆ ಕೇಳಲು ಧೈರ್ಯವಾಗುತ್ತಿಲ್ಲ. ನನ್ನ ಯಜಮಾನರು ಶ್ರೀಶೈಲ ಅವರ ಮೋಟಾರು ರಿಪೇರಿ ಅಂಗಡಿ ಈಗಷ್ಟೇ ಕುದುರುತ್ತಿದೆ. ನನ್ನ ಪಗಾರ ನಿಂತರೆ ಕಷ್ಟ.

ಒಂದು ಮಾತು ಕಾಕಾ. ಯಾರಾದರೂ ಬಂದು, ಇದನ್ನು ಹಾಕಿಕೊಟ್ಟವರು ಯಾರು ಎಂದು ಕೇಳಿದರೇ?

ನಿಮ್ಮ
ಸುಜಾತಾ

*

ಕುಲಗೋಡ
೧೨ ನವೆಂಬರ್ ೨೦೨೪

ಮಗಳೇ,

ಈ ಪತ್ರವನ್ನು ಎಮ್ಮೆ ಕಟ್ಟುವ ಗುಡಿಸಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಫೋನು ಒಳಗೆ ಚಾರ್ಜಿಗೆ ಇದೆ. ಅದು ಇದ್ದ ಕೋಣೆಯಲ್ಲಿ ನಾನು ಈಗ ಕೆಮ್ಮುವುದಕ್ಕೂ ಯೋಚಿಸುತ್ತೇನೆ.

ಮೊದಲ ಪತ್ರದಲ್ಲಿ ನಿನ್ನಿಂದ ಮುಚ್ಚಿಟ್ಟಿದ್ದೆ. ಆ ಹಳದಿ ಪಟ್ಟಿ ಬಂದ ದಿನ, ಅರ್ಜಿ ಬರೆಸಲು ಬಂದಿದ್ದ ಹನಮವ್ವ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಪಿಂಚಣಿ ನಿಂತು ನಾಲ್ಕು ತಿಂಗಳು. ಬೇಗ ಸರಿಮಾಡಬೇಕೆಂದು ನಾನು ಫೋನಿನಲ್ಲಿ ಹುಡುಕಿ, ಸಹಾಯವಾಣಿ ಎಂದಿದ್ದ ಒಂದು ನಂಬರಿಗೆ ಕರೆ ಮಾಡಿದೆ. ಬಹಳ ಸೌಜನ್ಯದಿಂದ ಮಾತಾಡಿದರು. ಒಂದು ಆ್ಯಪು ಹಾಕಿಕೊಳ್ಳಿ, ನಾವೇ ಇಲ್ಲಿಂದ ನೋಡುತ್ತೇವೆ ಎಂದರು. ಹಾಕಿಕೊಂಡೆ, ಫೋನಿಗೂ ಕಂಪ್ಯೂಟರಿಗೂ. ಆಮೇಲೆ ನಾನು ಮೌಸನ್ನು ಮುಟ್ಟಿರಲಿಲ್ಲ ಸುಜಾತಾ, ಬಾಣ ತಾನೇ ಓಡಾಡಿತು. ಒಂದೊಂದೇ ಕಡತ ತೆರೆಯಿತು, ಮುಚ್ಚಿತು. ಕೌಜಲಗಿ, ಮಮದಾಪುರ, ನಮ್ಮ ಊರು, ಎಲ್ಲ ಮನೆಗಳ ಆಧಾರ ಕಾರ್ಡು, ಪಾಸ್‌ಬುಕ್ಕಿನ ಪುಟ ಅದರಲ್ಲೇ ಇವೆ.

ಮರುದಿನ ವಿಡಿಯೋ ಕರೆ ಬಂತು. ಪೊಲೀಸ್ ಸಮವಸ್ತ್ರ, ಹಿಂದೆ ಧ್ವಜ, ಮೇಜಿನ ಮೇಲೆ ಕಡತಗಳ ರಾಶಿ. ಸಾಹೇಬರು ಹಿಂದಿಯಲ್ಲಿ ಶುರು ಮಾಡಿದರು, ನಡುನಡುವೆ ಕನ್ನಡ.

“ಏಳು ವರ್ಷ ಕಳವಿನ ಸಾಫ್ಟ್‌ವೇರ್ ನಡೆಸಿದ್ದೀ. ಅದರಾಗ ಸರಕಾರದ ಕಾಗದ ತಯಾರ್ ಮಾಡಿದ್ದೀ. ಗೊತ್ತೈತಿ ಏನ್, ಇದು ಎಂಥಾ ಕೇಸು?”

“ಸಾಹೇಬ್ರ, ನಾ ಬಿಲ್ ತಗೊಂಡೀನ್ರಿ.”

“ಬಿಲ್ ಖೋಟಾ. ನಿನ್ನ ಮನಿ ಹೊರಗ ನಮ್ಮ ಮಂದಿ ಅದಾರ. ಯಾರಿಗರೇ ಹೇಳಿದ್ರ ನಿನ್ನ ಹೆಂಡ್ತಿನೂ ಎಳಕೊಂಡ್ ಹೋಗ್ತೀವಿ.”

ಅಂದಿನಿಂದ ದಿನಕ್ಕೆ ಮೂರು ಹಾಜರಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದು. ಫೋನಿನ ಮುಂದೆ ಕುಳಿತು ಮುಖ ತೋರಿಸಬೇಕು, ಕೋಣೆಯ ನಾಲ್ಕೂ ಮೂಲೆ ತೋರಿಸಬೇಕು. ಊರು ಬಿಡಬಾರದು. ನಮ್ಮ ಓಣಿಯಲ್ಲಿ ಯಾರಾದರೂ ಗುರುತಿಲ್ಲದವರು ಬೈಕು ನಿಲ್ಲಿಸಿದರೆ ಕಿಟಕಿ ಮುಚ್ಚುತ್ತೇನೆ. ನಿನ್ನೆ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನೀರು ಕೇಳಲು ಬಂದ. ನಾನು ಬಾಗಿಲು ತೆರೆಯಲಿಲ್ಲ. ರಾಯವ್ವ ನನ್ನ ಮುಖವನ್ನೇ ನೋಡಿದಳು.

ನೀನು ಬಿಲ್ಲು ಹರಿಯಲು ಬರೆದಿದ್ದೀ. ನನ್ನ ಕೈಯಲ್ಲಿರುವ ಸಾಕ್ಷಿ ಅದೊಂದೇ. ಅದನ್ನು ಯಾಕೆ ಹರಿಯಬೇಕು?

ಹಾಕಿಕೊಟ್ಟವರು ಯಾರು ಎಂದು ಕೇಳಿದರೇ ಎಂದೂ ಬರೆದಿದ್ದೀ. ಹೌದು, ಕೇಳಿದರು. ಹೆಸರು ಹೇಳಿದರೆ ನನಗೆ ಬಿಡುಗಡೆ ಎಂದರು. ನಾನು ಒಂದು ಹೆಸರು ಹೇಳಿದೆ. ಬರೆದುಕೊಂಡರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಅರ್ಜಿಯ ಕಾಗದ ಎಂದು ಹೇಳಿ ಈ ಪತ್ರವನ್ನು ರಾಯವ್ವನ ಕೈಯಲ್ಲಿ ಡಬ್ಬಿಗೆ ಹಾಕಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಅದು ಉಪಯೋಗಕ್ಕೆ ಬಂತಲ್ಲ ಎಂದು ನಾಚಿಕೆಯಾಗುತ್ತದೆ.

ಯಲ್ಲಾರಿ

*

ಹುಕ್ಕೇರಿ
೧೪ ನವೆಂಬರ್ ೨೦೨೪

ಯಲ್ಲಾರಿ ಅವರಿಗೆ,

ನಿಮ್ಮ ಪತ್ರ ತಲುಪಿದೆ.

ನೀವು ಯಾವ ಹೆಸರು ಹೇಳಿದಿರಿ? ಇಷ್ಟು ಬರೆದವರು ಅದೊಂದನ್ನು ಯಾಕೆ ಬರೆಯಲಿಲ್ಲ? ನಿನ್ನೆ ಕಚೇರಿಯಲ್ಲಿದ್ದಾಗ ಗುರುತಿಲ್ಲದ ನಂಬರಿನಿಂದ ಮೂರು ಸಲ ಕರೆ ಬಂತು. ನಾನು ಹಳೆಯ ಕಡತಗಳ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ನಿಂತೆ. ನನ್ನ ಬಾಜೂ ಕೂರುವ ಬಾಳೇಶ, “ಏನಾತ್ರಿ ಮೇಡಮ್ಮಾರ, ಮುಖ ಯಾಕ ಹಿಂಗ ಆಗೇತಿ?” ಎಂದು ಬಾಗಿಲು ಬಡಿದ. ತಲೆನೋವು ಎಂದೆ.

ನಾನು ಆ ಅಂಗಡಿಯಲ್ಲಿ ಕೆಲಸದವಳು. ಮಾಲಕರು ಏನು ಹೇಳಿದರೋ ಅದನ್ನು ಮಾಡಿದೆ. ಬಿಲ್ಲಿನಲ್ಲಿ ಏನು ಬರೆಯಲು ಹೇಳಿದರೋ ಅದನ್ನು ಬರೆದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಊರಿನ ಅರ್ಧ ಮಷೀನುಗಳಲ್ಲಿ ಅದೇ ಸಿ.ಡಿ. ಇತ್ತು. ಅದಕ್ಕೆಲ್ಲ ನಾನೊಬ್ಬಳೇ ಹೊಣೆಯೇ? ನಿಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು ನಿಮ್ಮ ಜವಾಬ್ದಾರಿ.

ಆ ಬಿಲ್ಲಿನ ಅಕ್ಷರ ಯಾರದ್ದಾದರೂ ಇರಬಹುದು. ನನಗೆ ಒಂದೂವರೆ ವರ್ಷದ ಮಗಳಿದ್ದಾಳೆ. ನನ್ನ ಹೆಸರು ಯಾವ ಕಾಗದದಲ್ಲೂ ಬರುವುದು ಬೇಡ. ಇನ್ನು ಮೇಲೆ ಈ ವಿಳಾಸಕ್ಕೆ ಬರೆಯಬೇಡಿ. ಶ್ರೀಶೈಲ ಅವರಿಗೆ ಈ ಸಂಗತಿ ಗೊತ್ತಿಲ್ಲ.

ಸುಜಾತಾ

*

ಕುಲಗೋಡ
೧೮ ನವೆಂಬರ್ ೨೦೨೪

ಸುಜಾತಾ,

ಬರೆಯಬೇಡ ಎಂದಿದ್ದೀ. ಇದೊಂದೇ ಕೊನೆಯ ಸಲ. ಓದಿ ಒಲೆಗೆ ಹಾಕು, ಹಿಂದಿನವನ್ನೂ ಹಾಕು.

ನಾನು ಹೇಳಿದ ಹೆಸರು ನನ್ನದೇ. ಸಿ.ಡಿ. ತಂದವನು ನಾನೇ, ಹಾಕಿಕೊಂಡವನೂ ನಾನೇ ಎಂದೆ. ಹಾಗೆ ಹೇಳಿದ್ದನ್ನು ನಿನಗೆ ತಿಳಿಸಿದರೆ ನೀನು ಓಡಿ ಬರುತ್ತೀ, ಅವರ ಕಣ್ಣಿಗೆ ಬೀಳುತ್ತೀ ಎಂದು ಬರೆದಿರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಇನ್ನೂ ಒಂದು ಮಾತು ಅರ್ಥವಾಯಿತು. ಅದನ್ನು ಬರೆಯುವುದಿಲ್ಲ. ಬಿಲ್ಲನ್ನು ಇವತ್ತು ಬೆಳಿಗ್ಗೆ ಒಲೆಗೆ ಹಾಕಿದೆ.

ಶನಿವಾರ ಸಾಹೇಬರು ಹನಮವ್ವನ ಪಾಸ್‌ಬುಕ್ಕಿನ ನಂಬರನ್ನು ಓದಿ ಹೇಳಿದರು. ಅವಳ ತೀರಿಹೋದ ಮಗನ ಹೆಸರನ್ನೂ ಹೇಳಿದರು. ನಾನು ಅರ್ಜಿ ಬರೆದುಕೊಟ್ಟ ಎಲ್ಲರ ಪಿಂಚಣಿಯನ್ನು ಬಂದ್ ಮಾಡುತ್ತೇವೆ, ಎಲ್ಲರ ಮನೆಗೂ ನೋಟಿಸು ಹೋಗುತ್ತದೆ ಎಂದರು. ಸರಕಾರಿ ಕಾಗದಕ್ಕೆ ಅಂಜಬೇಡಿ, ನಾನಿದ್ದೇನೆ ಎಂದು ಈ ಜನಕ್ಕೆ ಹೇಳಿಕೊಂಡು ಬಂದವನು ನಾನು. ಅಂಜಿಕೆ ಅಂದರೆ ಏನು ಎಂಬುದು ಈಗ ಗೊತ್ತಾಗಿದೆ.

ಒಂದು ದಾರಿ ತೋರಿಸಿದ್ದಾರೆ. ರಾಯವ್ವನ ಮೊಣಕಾಲಿನ ಆಪರೇಷನ್ನಿಗೆಂದು ಇಟ್ಟ ಠೇವಣಿಯನ್ನು ಮುರಿದು ಕೋರ್ಟಿನ ಖಾತೆಗೆ ಹಾಕಬೇಕಂತೆ. ವಿಚಾರಣೆ ಮುಗಿದ ಮೇಲೆ ಮರಳಿ ಬರುತ್ತದಂತೆ. ಶುಕ್ರವಾರ ಹನ್ನೊಂದಕ್ಕೆ ಗೋಕಾಕದ ಬ್ಯಾಂಕಿಗೆ ಹೋಗಲು ಅಪ್ಪಣೆ ಸಿಕ್ಕಿದೆ, ಪಿಂಚಣಿ ಬರುವ ಅದೇ ಬ್ಯಾಂಕು. ಫೋನು ಚಾಲೂ ಇಟ್ಟು, ಶರ್ಟಿನ ಕಿಸೆಯಲ್ಲಿ ಹೊರಗೆ ಮುಖ ಮಾಡಿ ಇಟ್ಟುಕೊಂಡು ಹೋಗಬೇಕು. ಅಲ್ಲಿಂದ ಮುಂದೆ ಎಲ್ಲಿಗೆ ಕರೆಯುತ್ತಾರೋ ಗೊತ್ತಿಲ್ಲ.

ಯಾರು ಕೇಳಿದರೂ ನನ್ನ ಗುರುತಿಲ್ಲ ಅನ್ನು. ನಾನು ಮರಳಿ ಬರದಿದ್ದರೆ ಮಾತ್ರ, ಎಂದಾದರೂ ರಾಯವ್ವನಿಗೆ ಇದನ್ನು ತಿಳಿಸಿ ಹೇಳು. ಅವಳು ನಿನ್ನನ್ನು ಎತ್ತಿ ಆಡಿಸಿದವಳು.

ಯಲ್ಲಾರಿ

*

ಹುಕ್ಕೇರಿ
೨೪ ನವೆಂಬರ್ ೨೦೨೪, ಭಾನುವಾರ

ಕಾಕಾ,

ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಕರೆಯುತ್ತೇನೆ.

ಮೊನ್ನೆ ನಡೆದದ್ದು ನಿಮಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ನಿಮ್ಮ ಪತ್ರ ಗುರುವಾರ ಮಧ್ಯಾಹ್ನ ಬಂದಾಗ ನಾನು ಮನೆಯಲ್ಲಿರಲಿಲ್ಲ. ಶ್ರೀಶೈಲ ಒಡೆದು ಓದಿದ್ದರು. ನಾನು ಒಳಗೆ ಬಂದಾಗ ಅವರ ಕೈ ಗ್ರೀಸು ಆಗಿತ್ತು, ಪತ್ರದ ಅಂಚಿಗೂ ಹತ್ತಿತ್ತು.

“ಇದು ಮೋಸ ಐತಿ. ಪೊಲೀಸ್ರು ಎಲ್ಲೆರೆ ಫೋನಿನ್ಯಾಗ ಅರೆಸ್ಟ್ ಮಾಡ್ತಾರೇನ? ದಿನಾ ಪೇಪರ್‌ದಾಗ ಬರತೈತಿ. ನಿನಗ ತಿಳೀಲಿಲ್ಲಾ?”

ಕಾಕಾ, ನನಗೆ ತಿಳಿಯಬೇಕಿತ್ತು. ಇಂಥ ಕರೆಗಳನ್ನು ನಂಬಬೇಡಿ ಎಂಬ ನೋಟಿಸನ್ನು ನಮ್ಮ ಕಚೇರಿಯ ಗೋಡೆಗೆ ಅಂಟಿಸಿದವಳೇ ನಾನು. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ನಕಲಿ ಎಂದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ತಪ್ಪು ಖರೆ ಇದ್ದದ್ದರಿಂದ ಕೇಸೂ ಖರೆಯೇ ಅನ್ನಿಸಿತು. ಅಂಗಡಿಯ ಮಾಲಕರು ಹಾಗೆ ಮಾಡಲು ಹೇಳಿದ್ದು ಖರೆ. ಆದರೆ ನೀವು, “ಇದಕ್ಕ ಲೈಸೆನ್ಸ್ ಐತಿಲ್ಲವಾ? ನಂದು ಜನರ ಕೆಲಸ, ಕಾಯದೆಶೀರ ಇರಬೇಕು” ಎಂದು ಕೇಳಿದಾಗ, ಮಾಲಕರು ಅಲ್ಲಿ ಇರಲೇ ಇಲ್ಲ. “ಐತ್ರಿ ಕಾಕಾ” ಎಂದವಳು ನಾನು. ನೀವು ಅಸಲಿಗೆಂದು ಹಣ ಕೊಟ್ಟಿರಿ, ನಾನು ನಕಲಿ ಹಾಕಿದೆ.

ಸೈಬರ್ ಮೋಸದ ದೂರಿಗಿರುವ ಸರಕಾರಿ ಸಹಾಯವಾಣಿ ೧೯೩೦ಕ್ಕೆ ಈಗಲೇ ಫೋನ್ ಹಚ್ಚು ಎಂದು ಶ್ರೀಶೈಲ ಗುರುವಾರವೇ ಹೇಳಿದರು. ಹಾಕಿಕೊಟ್ಟವರು ಯಾರೆಂದು ಅವರೂ ಕೇಳುತ್ತಾರೆ ಎಂದು ನಾನು ಹಚ್ಚಲಿಲ್ಲ. ಬೆಳಿಗ್ಗೆ ನಾನೇ ಗೋಕಾಕಕ್ಕೆ ಹೋಗುತ್ತೇನೆ ಎಂದೆ. ಘಟಪ್ರಭಾದ ಹತ್ತಿರ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತು. ಹತ್ತೂಮುಕ್ಕಾಲು. ಆ ಗೇಟಿನ ಮುಂದೆ ನಾನು ಬಸವಣ್ಣನನ್ನು ನೆನೆದದ್ದು ನೀವು ಬ್ಯಾಂಕಿಗೆ ಹೋಗದಿರಲಿ ಎಂದಲ್ಲ. ಇನ್ನೂ ಸ್ವಲ್ಪ ತಡವಾಗಲಿ, ಆಗ ನಾನು ಏನೂ ಮಾಡಬೇಕಾಗುವುದಿಲ್ಲ ಎಂದು.

ಬ್ಯಾಂಕಿನಲ್ಲಿ ನೀವು ಸಾಲಿನಲ್ಲಿ ಎರಡನೆಯವರಾಗಿದ್ದಿರಿ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಿಸೆಯಿಂದ ಇಣುಕುವ ಫೋನು. ನನ್ನನ್ನು ಕಂಡು ನಿಮ್ಮ ತಲೆ ಅಷ್ಟೇ ಅಷ್ಟು ಅಲ್ಲಾಡಿತು, ಬೇಡ ಎಂದು. ನಾನು ಫೋನಿಗೆ ಕಾಣದಂತೆ ಗೋಡೆ ಹಿಡಿದು ಬಂದು, ಹಣ ತುಂಬುವ ಚೀಟಿಯ ಹಿಂದೆ ಬರೆದು ತೋರಿಸಿದೆ. ‘ಇವರು ಪೊಲೀಸರಲ್ಲ.’ ನೀವು ಪೆನ್ನು ಕಸಿದುಕೊಂಡು ಕೆಳಗೆ ಬರೆದಿರಿ. ‘ಹೋಗು. ನಿನ್ನ ಮುಖ ನೋಡಿದರೆ ಮುಗಿಯಿತು.’

ಆಗ ಫೋನಿನಿಂದ ಧ್ವನಿ ಬಂತು. “ಯಲ್ಲಾರಿ, ಯಾರದಾರ ಅಲ್ಲೆ? ಕ್ಯಾಮೆರಾ ತಿರುಗಸ.”

ನಿಮ್ಮ ಕೈ ಕಿಸೆಗೆ ಹೋಯಿತು. ಕ್ಯಾಮೆರಾವನ್ನು ನೀವು ನನ್ನ ಕಡೆ ತಿರುಗಿಸಲಿಲ್ಲ, ಎದೆಗೆ ಒತ್ತಿಕೊಂಡಿರಿ. “ಯಾರೂ ಇಲ್ಲರಿ ಸಾಹೇಬ್ರ” ಎಂದಿರಿ. ಅದನ್ನು ಕೇಳಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಫೋನನ್ನು ಎಳೆದುಕೊಂಡೆ. ಆ ಸಮವಸ್ತ್ರದವನು ನನ್ನ ಮುಖ ನೋಡಿದ. ಅವನು ಮೋಸಗಾರನೆಂದು ಗೊತ್ತಿದ್ದೂ ನನ್ನ ಬೆರಳು ಬಂದ್ ಮಾಡುವ ಗುಂಡಿಯನ್ನು ಎರಡು ಸಲ ತಪ್ಪಿತು. ಬಂದಾದ ಕೂಡಲೇ ನೀವು ಕುಸಿದು ಕುಳಿತಿರಿ. “ರಾಯವ್ವನ್ನ ಎಳಕೊಂಡ್ ಹೋಗ್ತಾರ, ರಾಯವ್ವನ್ನ ಎಳಕೊಂಡ್ ಹೋಗ್ತಾರ” ಎಂದು ಅಂದಿರಿ. ಕೌಂಟರಿನ ಹೆಣ್ಣುಮಗಳು ಹೊರಗೆ ಓಡಿಬಂದು ನೀರು ಕೊಟ್ಟಳು.

ಬ್ಯಾಂಕಿನಿಂದ ನಿಮ್ಮನ್ನು ಕರೆದೊಯ್ದ ಠಾಣೆಯಲ್ಲಿ ಆ ಮಹಿಳಾ ಪೇದೆ ನಿಮಗೆ ಕುರ್ಚಿ ಕೊಟ್ಟು, “ಅಂಜಬ್ಯಾಡ್ರಿ ಅಜ್ಜಾರ, ನಿಮ್ಮನ್ನ ಹಿಡಿಯೂದಿದ್ರ ನಾವು ಖುದ್ದ ಮನಿಗೆ ಬರ್ತೀವಿ” ಎಂದಾಗ ನೀವು ನಕ್ಕಿರಿ. ಮೂರು ವಾರದಲ್ಲಿ ಮೊದಲ ನಗು ಇರಬೇಕು. ಆಮೇಲೆ ಅವಳು ಪೆನ್ನು ಎತ್ತಿ ಕೇಳಿದಳು. “ಈ ಸಾಫ್ಟ್‌ವೇರ್ ಹಾಕಿದವ್ರು ಯಾರ್ರಿ?”

“ನಾನ ಹಾಕ್ಕೊಂಡೀನ್ರಿ” ಎಂದಿರಿ. ನನ್ನ ಕಡೆ ನೋಡಲೂ ಇಲ್ಲ.

ನಾನು ಬಾಜೂಕ್ಕೇ ಇದ್ದೆ. ಸುಮ್ಮನೆ ಕುಳಿತೆ. ಅವಳು ಬರೆದುಕೊಂಡಳು, ನೀವು ಸಹಿ ಮಾಡಿದಿರಿ, ಸಾಕ್ಷಿಯ ಜಾಗದಲ್ಲಿ ನಾನೂ ಸಹಿ ಮಾಡಿದೆ. ನಿಮ್ಮನ್ನು ಉಳಿಸಿದೆ ಎಂದು ಅಲ್ಲಿದ್ದವರೆಲ್ಲ ನನ್ನನ್ನು ಹೊಗಳಿದರು.

ಮುಂದಿನ ಭಾನುವಾರ ಬರಲೇ ಕಾಕಾ? ಮಷೀನನ್ನು ಪೂರ್ತಿ ಅಳಿಸಿ, ಯಾರ ಲೈಸೆನ್ಸೂ ಬೇಡದ, ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನೇ ಹಾಕಿಕೊಡುತ್ತೇನೆ. ಅರ್ಧ ದಿನದ ಕೆಲಸ.

ಸುಜಾತಾ

*

ಕುಲಗೋಡ
೩೦ ನವೆಂಬರ್ ೨೦೨೪

ಸುಜಾತಾ,

ನಿನ್ನ ಪತ್ರವನ್ನು ರಾಯವ್ವನಿಗೆ ಓದಿ ಹೇಳಿದೆ. ಪೂರ್ತಿ, ಒಂದು ಅಕ್ಷರವನ್ನೂ ಬಿಡದೆ. ಇನ್ನು ಅವಳಿಂದ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಅವಳು ಕೇಳಿ, “ಹುಡುಗಿ ಅಂಜಿತ್ತು, ಮುದುಕಾನೂ ಅಂಜಿದ್ದ. ಒಬ್ಬರಿಗೊಬ್ಬರು ಅಂಜೀನಿ ಅಂತ ಹೇಳಿದ್ರ ಏನ್ ಹೋಗ್ತಿತ್ತು?” ಎಂದಳು. ಆಮೇಲೆ ಎದ್ದು ಎಮ್ಮೆಯ ಕಡೆ ಹೋದಳು. ಅವಳಿನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಠೇವಣಿ ಉಳಿಯಿತು. ಅದು ನಿನ್ನಿಂದಲೇ. ಅದನ್ನು ಮರೆಯುವುದಿಲ್ಲ. ಫೋನಿನಲ್ಲಿದ್ದ ಆ್ಯಪನ್ನು ಠಾಣೆಯಲ್ಲೇ ತೆಗೆದರು, ನಂಬರು ಬದಲಿಸಿದೆ. ಆದರೂ ಒಂಬತ್ತು ಗಂಟೆ ಹೊಡೆದಾಗ ನನ್ನ ಮೈ ತಾನೇ ಎದ್ದು ಆ ಕುರ್ಚಿಯ ಕಡೆ ಹೋಗುತ್ತದೆ. ಶುಕ್ರವಾರ ಗ್ಯಾಸಿನವನು ಬಾಗಿಲು ಬಡಿದಾಗ ಕೈಯಲ್ಲಿದ್ದ ಚಹಾ ಚೆಲ್ಲಿತು.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ನಿನಗೆ ಹೆದರಿಕೆಯಾದದ್ದಕ್ಕಲ್ಲ. ಠಾಣೆಯಲ್ಲಿ ಸುಮ್ಮನಿದ್ದದ್ದಕ್ಕೂ ಅಲ್ಲ. ಅಲ್ಲಿ ಹಾಗೆ ಹೇಳಿದವನು ನಾನು, ಅದು ನನ್ನ ಇಚ್ಛೆ. ಸಿಟ್ಟು ಆ “ಐತ್ರಿ ಕಾಕಾ” ಎಂಬ ಮಾತಿಗೆ. ಅದನ್ನು ನಂಬಿ ನಾನು ಊರಿಗೆಲ್ಲ ಹೇಳಿದೆ. ನಮ್ಮಂಥವರ ಮನೆಯ ಕಟ್ಟೆ ಹತ್ತಲು ಒಂದು ಕಾಲದಲ್ಲಿ ಹಿಂದೆಮುಂದೆ ನೋಡುತ್ತಿದ್ದ ಜನ, ಯಲ್ಲಾರಿಯ ಹತ್ತಿರ ಎಲ್ಲ ಕಾಯದೆಶೀರ ಇರುತ್ತದೆ ಎಂದು ನಂಬಿ ಕಾಗದ ತಂದು ನನ್ನ ಕೈಗಿತ್ತರು. ನಂಬಿಸಿದವನು ನಾನು. ನೀನಲ್ಲ, ನಾನು. ಅದು ನನಗೆ ನುಂಗಲಾರದ ಮಾತಾಗಿದೆ.

ಆ ಪೇದೆ ಒಂದು ಮಾತು ಹೇಳಿದ್ದಳಲ್ಲ, ಯಾರ ಯಾರ ಕಾಗದ ನಿಮ್ಮ ಮಷೀನಿನಲ್ಲಿತ್ತೋ ಅವರಿಗೆಲ್ಲ ತಿಳಿಸಿ, ಬ್ಯಾಂಕಿನಲ್ಲಿ ಎಚ್ಚರಿಕೆ ಕೊಡಲಿ, ಆಧಾರದ ಬೆರಳಚ್ಚಿಗೆ ಬೀಗ ಹಾಕಿಸಲಿ ಎಂದು. ಸೋಮವಾರದಿಂದ ಅದೇ ಕೆಲಸ ಹಿಡಿದಿದ್ದೇನೆ. ಟಪಾಲು ಹಂಚುತ್ತಿದ್ದ ದಾರಿಯೇ, ಅದೇ ಸೈಕಲ್ಲು. ಆಗ ಪ್ರತಿ ಮನೆಯ ಮುಂದೆ ಗಂಟೆ ಬಾರಿಸುತ್ತಿದ್ದೆ. ಈಗ ಗಂಟೆ ಮುಟ್ಟದೆ ಇಳಿದು ಅಂಗಳದಲ್ಲಿ ನಿಲ್ಲುತ್ತೇನೆ. ಆ ನಕಲಿ ಸಾಹೇಬನ ಮುಂದೆ ಕೂರುವುದಕ್ಕಿಂತ ಇದು ಹೆಚ್ಚು ಹೆದರಿಕೆ.

ಮೊದಲು ಹನಮವ್ವನ ಮನೆಗೆ ಹೋದೆ. ಎಲ್ಲ ಹೇಳಿದೆ. “ಮಗನ ಹೆಸರ ಅವರ ಬಾಯಾಗ ಬಂತೇನ್ರಿ?” ಎಂದಷ್ಟೇ ಕೇಳಿದಳು. ಹೂಂ ಅಂದೆ. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತೆ. ಹೊರಗೆ ಬಂದು, “ನಡೀರಿ, ಬ್ಯಾಂಕಿಗೆ ಬರತೇನಿ” ಎಂದಳು. ಮಮದಾಪುರದಲ್ಲಿ ಒಬ್ಬ ಗೃಹಸ್ಥ, ಈಶ್ವರ ಅಂತ, ಅವನು ಬೈದ. ಬೈಯಲಿ. ಅವನ ಅಕ್ಕನ ಖಾತೆಯಲ್ಲಿ ಆಗಲೇ ಯಾರೋ ಕೈ ಹಾಕಿ ನೋಡಿದ್ದಾರೆ, ಏನೂ ಸಿಕ್ಕಿಲ್ಲ.

ನಮ್ಮ ಊರು ಮುಗಿಯಿತು, ಮಮದಾಪುರ ಮುಗಿಯಿತು. ಕೌಜಲಗಿಯನ್ನೂ ಬಹುತೇಕ ಮುಗಿಸಿದ್ದೇನೆ. ಅಲ್ಲಿ ಹನ್ನೊಂದು ಮನೆ ಉಳಿದಿವೆ. ಅವನ್ನು ನಿನಗಾಗಿ ಬಿಟ್ಟಿದ್ದೇನೆ.

ಕಂಪ್ಯೂಟರಿನ ಮೇಲೆ ರಾಯವ್ವ ಒಂದು ಹಳೆಯ ಸೀರೆ ಹೊದಿಸಿದ್ದಾಳೆ. ಅದು ಹಾಗೇ ಇರಲಿ. ಮೊದಲು ಆ ಮನೆಗಳು, ಮಷೀನು ಆಮೇಲೆ.

ಯಲ್ಲಾರಿ

*

ಹುಕ್ಕೇರಿ
೪ ಡಿಸೆಂಬರ್ ೨೦೨೪

ಕಾಕಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಇವತ್ತು ಅರ್ಧ ದಿನ ರಜೆ ಹಾಕಿ ಗೋಕಾಕಕ್ಕೆ ಹೋಗಿದ್ದೆ. ಅದೇ ಪೇದೆ ಇದ್ದಳು. ಸಾಫ್ಟ್‌ವೇರ್ ಹಾಕಿದವಳು ನಾನು, ಅಜ್ಜ ಹೇಳಿದ್ದು ನನ್ನ ಸಲುವಾಗಿ, ನಾನು ಗೊತ್ತಿದ್ದೂ ಸಹಿ ಮಾಡಿದೆ ಎಂದೆ. “ಮೊದಲಽ ಹೇಳಬೇಕಿತ್ತಲ್ಲವಾ” ಎಂದಳು, ಬೇರೆ ಹಾಳೆ ತೆಗೆದು ಹೊಸದಾಗಿ ಬರೆದುಕೊಂಡಳು. ಮುಂದೆ ಏನಾಗುತ್ತದೆ ಎಂದು ಕೇಳಿದೆ. “ಸಾಫ್ಟ್‌ವೇರಿನವರು ದೂರು ಕೊಟ್ರ ನೋಡೂಣು. ಸದ್ಯಕ್ಕ ನಮಗ ಬೇಕಾದವ್ರು ಆ ಕಳ್ಳರು” ಎಂದಳು. ಅದು ಇಲ್ಲವೂ ಅಲ್ಲ, ಹೌದೂ ಅಲ್ಲ.

ನಮ್ಮ ಕಚೇರಿಯ ಸಾಹೇಬರಿಗೂ ನಾನೇ ಹೇಳಿದೆ. ಬೇರೆಯವರಿಂದ ಕೇಳುವುದು ಬೇಡ ಅನ್ನಿಸಿತು. ಅವರು ಕನ್ನಡಕ ತೆಗೆದು ಒರೆಸಿ, “ನೋಡೋಣ ಸುಜಾತಾ” ಎಂದರು. ನವೀಕರಣದ ಪಟ್ಟಿ ತಿಂಗಳ ಕೊನೆಗೆ ಬರುತ್ತದೆ. ಹೆಸರು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಬಾಳೇಶ ಇವತ್ತು ನನ್ನ ಜೊತೆ ಚಹಾಕ್ಕೆ ಬರಲಿಲ್ಲ.

ಶ್ರೀಶೈಲ ನಿಮ್ಮ ಪತ್ರ ಓದಿದರು. ಆಮೇಲೆ, “ಭಾನುವಾರ ಮೊದಲನೇ ಬಸ್ ಎಷ್ಟಕ್ಕೈತಿ?” ಎಂದರು. ಮಗಳನ್ನು ಅವರೇ ನೋಡಿಕೊಳ್ಳುತ್ತಾರೆ.

ನನಗೆ ಅಂಜಿಕೆಯಾಗಿದೆ ಕಾಕಾ. ಕಾಕು ಹೇಳಿದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಮನೆಗಳವರು ಯಾರೂ ನನಗೆ ಗುರುತಿಲ್ಲ. ಬಾಗಿಲು ತೆರೆದು ಏನು ಅನ್ನುತ್ತಾರೋ, ಮುಖಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ.

ಎಂಟನೆಯ ತಾರೀಖು, ಭಾನುವಾರ, ಬೆಳಿಗ್ಗೆ ಕೌಜಲಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ನೀವು ಅಲ್ಲಿಗೆ ಬಂದು ದಾರಿ ತೋರಿಸಿದರೆ ಸಾಕು. ಬಾಗಿಲು ನಾನೇ ಬಡಿಯುತ್ತೇನೆ. ನೀವು ಮಾತು ಶುರು ಮಾಡಬೇಡಿ.

ನಿಮ್ಮ
ಸುಜಾತಾ